ಪಟ್ಟೆ ಕೂಡುವ ತನಕ

ಎರಡು ಸಾವಿರದ ಇಸವಿ ಕಳೆದ ಮೇಲೆ ಒಮ್ಮೆ ನಮ್ಮಂಥ ಟೀಚರುಗಳನ್ನೆಲ್ಲ ಚಿಕ್ಕಮಗಳೂರಿಗೆ ತರಬೇತಿಗೆ ಕರೆದಿದ್ದರು. ಕನ್ನಡಕ ಹಾಕಿದ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ‘ಸಮನ್ವಯ ಶಿಕ್ಷಣ’ ಅಂತ ದೊಡ್ಡದಾಗಿ ಬರೆದು, ಅಂಗವಿಕಲ ಮಕ್ಕಳು, ಬೇರೆ ಭಾಷೆಯ ಮಕ್ಕಳು, ಗಂಡು ಹೆಣ್ಣು ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಕಲಿಯುವುದು ಅಂತ ಬಿಡಿಸಿ ಹೇಳಿದಳು. ಚೆನ್ನಾಗಿಯೇ ಹೇಳಿದಳು. ನಾನು ಎಷ್ಟೋ ವರ್ಷ ಮಾಡಿಕೊಂಡು ಬಂದ ಕೆಲಸಕ್ಕೆ ಇಷ್ಟು ಗಂಭೀರವಾದ ಹೆಸರಿದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಪಕ್ಕದವಳನ್ನು ತಿವಿದು, “ಇದನ್ನ ನಾನು ಆಗಲೇ ಮಾಡಿದೀನಿ ಕಣೆ” ಅಂದೆ. “ನೀನು ಮಾಡದೇ ಇರೋದು ಯಾವ್ದುಂಟು ಹೇಳು” ಅಂದಳು ಅವಳು. ಜಂಬ ಅನ್ನುವವರು ಅನ್ನಲಿ. ಮಾಡಿದ್ದನ್ನು ಹೇಳಿಕೊಳ್ಳುವುದಕ್ಕೆ ನನಗೆ ಯಾವತ್ತೂ ನಾಚಿಕೆಯಾಗಿಲ್ಲ.

ನನ್ನ ತವರು ಮಲ್ಲಂದೂರಿನ ಕಡೆ. ಮದುವೆಯಾಗಿ ಬಾಳೂರಿನ ಮೇಲಿನ ಒಂದು ಎಸ್ಟೇಟಿಗೆ ಬಂದೆ. ನನ್ನ ಗಂಡ ಅಲ್ಲಿ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವರು. ಕೂಲಿಯವರ ಮಕ್ಕಳಿಗೆಂದು ಅಲ್ಲೊಂದು ಶಿಶುವಿಹಾರವಿತ್ತು, ಹಳೆಯ ಪಾರ್ಚ್‌ಮೆಂಟ್ ಗೋಡೌನಿನ, ಅಂದರೆ ಒಣಗಿಸಿದ ಕಾಫಿ ಬೀಜ ತುಂಬಿಡುವ ಕಟ್ಟಡದ, ಅರ್ಧ ಭಾಗದಲ್ಲಿ. ನನಗಿಂತ ಮುಂಚೆ ಬಂದ ಟೀಚರುಗಳು ಒಬ್ಬಳು ಜಿಗಣೆಗೆ ಹೆದರಿ, ಇನ್ನೊಬ್ಬಳು ಮಕ್ಕಳಿಗೆ ಹೆದರಿ ಓಡಿಹೋಗಿದ್ದರು. ನಾನು ಎರಡಕ್ಕೂ ಹೆದರುವವಳಲ್ಲ ಅಂತ ನನ್ನ ಗಂಡನಿಗೆ ಅಷ್ಟರಲ್ಲಿ ಗೊತ್ತಾಗಿತ್ತು, ಪಾಪ. ಅವರೇ ಎಸ್ಟೇಟಿನ ಸಾಹುಕಾರರ ಹತ್ತಿರ ನನ್ನ ಹೆಸರು ಹೇಳಿದರು.

ಆ ಕೋಣೆಯಲ್ಲಿ ಭಾಷೆಗಳ ಸಂತೆ. ಕೂಲಿಯವರ ಲೈನ್ ಮನೆಗಳಲ್ಲಿ ತಲೆಮಾರಿನಿಂದ ಇದ್ದ ತಮಿಳರ ಮಕ್ಕಳು, ಘಟ್ಟದ ಕೆಳಗಿನಿಂದ ಬಂದ ತುಳು ಮಾತಿನವರು, ಬ್ಯಾರಿ ಡ್ರೈವರನ ಮಕ್ಕಳು, ಕೊಯ್ಲಿನ ಕಾಲಕ್ಕೆ ಬಯಲುಸೀಮೆಯಿಂದ ಬಂದು ಇಳಿಯುವ ಲಂಬಾಣಿ ಮಕ್ಕಳು. ಮೊದಲ ವಾರ ನಾನು ಕಲಿಸಿದ್ದು ಏನೂ ಇಲ್ಲ, ಕಲಿತದ್ದೇ ಎಲ್ಲ. ‘ಉಚ್ಚೆ ಬಂತು’ ಅನ್ನುವುದು ಎಲ್ಲ ಭಾಷೆಯಲ್ಲೂ ಗೊತ್ತಿರದಿದ್ದರೆ ಟೀಚರ ಪಾಡು ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಆಮೇಲೆ ನೀರು, ಹಸಿವು, ನೋವು, ಅಮ್ಮ. ಇಷ್ಟು ಮಾತನ್ನು ಎಲ್ಲರ ಭಾಷೆಯಲ್ಲೂ ಎಲ್ಲರಿಗೂ ಹೇಳಿಕೊಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಡ್ರೈವರನ ಮಗ ತಮಿಳಿನಲ್ಲಿ ಜಗಳವಾಡುತ್ತಿದ್ದ.

ಇನ್ನೊಂದು ನಿಯಮ ಮಾಡಿದ್ದೆ. ಸಂಜೆ ಕೋಣೆ ಗುಡಿಸುವುದು ಸರದಿಯ ಮೇಲೆ, ಗಂಡು ಮಕ್ಕಳೂ ಗುಡಿಸಬೇಕು. ಒಬ್ಬ ಹುಡುಗನಿಗೆ ಆ ಕೆಲಸ ಎಷ್ಟು ಇಷ್ಟವಾಯಿತೆಂದರೆ ಬೇರೆಯವರ ಸರದಿಯನ್ನೂ ಕಸಿದುಕೊಳ್ಳುತ್ತಿದ್ದ. ಅವನ ಅಪ್ಪ ಒಂದು ದಿನ ಬಾಗಿಲಲ್ಲಿ ನಿಂತು, “ಗಂಡು ಹುಡ್ಗ ಪೊರಕೆ ಹಿಡಿಯೋದಾ ಟೀಚರ್? ಲೈನಲ್ಲೆಲ್ಲಾ ನಗ್ತಾರೆ” ಅಂದ.

“ಕಣದಲ್ಲಿ ಒಣಗಿದ ಕಾಫಿ ಗುಡಿಸೋನು ಯಾರು ಮಾರಾಯ, ನೀನಲ್ವಾ? ಅದಕ್ಕೆ ಸಂಬಳ ಬರುತ್ತೆ ಅಂತ ನಾಚಿಕೆ ಬರಲ್ವಾ?” ಅಂದೆ.

ಅವನು ತಲೆ ಕೆರೆದುಕೊಂಡು ಹೋದ. ಆಮೇಲೆ ಸಿಕ್ಕಾಗಲೆಲ್ಲ ನಗುತ್ತಿದ್ದ. ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತುಕೊಂಡು ಬಾಗಿಲ ಹೊರಗೇ ನಿಂತು ನೋಡುವ ಪುಟ್ಟ ಹುಡುಗಿಯರಿಗೆ, ಹೊತ್ತ ಮಗುವಿನ ಸಮೇತ ಒಳಗೆ ಬನ್ನಿ ಅಂದೆ. ತೊಲೆಗೆ ಸೀರೆಯ ತೊಟ್ಟಿಲುಗಳನ್ನು ಕಟ್ಟಿಸಿದೆ. ಗೋಡೌನಿಗೆ ಬಂದ ಸಾಹುಕಾರರು, “ಏನಮ್ಮ, ಇಲ್ಲಿ ಬಾವಲಿ ಸಾಕಿದ ಹಾಗಿದೆಯಲ್ಲ” ಅಂದು ನಕ್ಕು, ಇನ್ನೆರಡು ಹಗ್ಗ ಕಳಿಸಿದರು.

ಇಷ್ಟೆಲ್ಲ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ತಮಿಳು ಹೆಂಗಸೊಬ್ಬಳು ಕಂಬಳಿಯಲ್ಲಿ ಸುತ್ತಿದ ಮಗಳನ್ನು ಬೆನ್ನ ಮೇಲೆ ಹೊತ್ತು ಬಂದಳು. ಆಗಷ್ಟೇ ಬೇರೆ ಎಸ್ಟೇಟಿನಿಂದ ನಮ್ಮ ಲೈನಿಗೆ ಬಂದವಳು. ಮಗಳಿಗೆ ನಾಲ್ಕು ತುಂಬುತ್ತ ಬಂದಿತ್ತು. ಕಾಲು ಎರಡೂ ಬಿಗಿದುಕೊಂಡು ಕತ್ತರಿಯಂತೆ ಒಂದರ ಮೇಲೊಂದು ಬರುತ್ತಿದ್ದವು. ಕೈ ಬೇಕಾದ ಕಡೆಗೆ ಹೋಗಲು ಹೊತ್ತು ಹಿಡಿಯುತ್ತಿತ್ತು. ಕುತ್ತಿಗೆ ತೂಗುತ್ತಿತ್ತು. ಮಾತು ಇತ್ತು, ಆದರೆ ಒಂದೊಂದು ಮಾತನ್ನೂ ಎಳೆದೆಳೆದು ಹೊರಗೆ ತರಬೇಕು. ಹಿಂದಿನ ಎಸ್ಟೇಟಿನಲ್ಲಿ ಇವಳನ್ನು ಮಕ್ಕಳ ಜೊತೆ ಸೇರಿಸಿಕೊಂಡಿರಲಿಲ್ಲವಂತೆ. ಹಾಗಾಗಿ ತಾಯಿ ಕೆಲಸದ ಜಾಗದಲ್ಲೇ ಮರದ ಬುಡದಲ್ಲಿ ಸೀರೆ ಹಾಸಿ ಮಲಗಿಸಿ, ಇರುವೆ ಮುತ್ತಿತೋ ಅಂತ ಮತ್ತೆ ಮತ್ತೆ ಓಡಿಬಂದು ನೋಡುತ್ತಿದ್ದಳಂತೆ.

“ಒಂದು ಮೂಲೆಲಿ ಮಲಗಿಸಿ ಬಿಡಿ ಟೀಚರ್. ಸದ್ದು ಮಾಡಲ್ಲ ಅವಳು” ಅಂದಳು.

ನನಗೆ ಮೈ ಉರಿದುಹೋಯಿತು. ಅವಳ ಮೇಲಲ್ಲ, ಅವಳಿಗೆ ಹಾಗೆ ಕೇಳಲು ಕಲಿಸಿದವರ ಮೇಲೆ. “ಸದ್ದು ಮಾಡದ ಮಕ್ಕಳನ್ನ ನಾನು ಸೇರಿಸಿಕೊಳ್ಳಲ್ಲ. ಸದ್ದು ಮಾಡ್ಲಿಕ್ಕೆ ಕಳಿಸು” ಅಂದೆ. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ. ಸಿಟ್ಟಿನ ದನಿ ಕೇಳಿ ಮಗಳನ್ನು ಎತ್ತಿಕೊಂಡು ಹೊರಟೇಬಿಟ್ಟಿದ್ದಳು. ಓಡಿಹೋಗಿ ಕರೆದುಕೊಂಡು ಬಂದೆ.

ಕೂರಿಸುವುದೇ ದೊಡ್ಡ ತಲೆನೋವಾಯಿತು. ಗೋಡೆಗೆ ಒರಗಿಸಿದರೆ ಜಾರುತ್ತಾಳೆ, ತೊಡೆಯ ಮೇಲೆ ಕೂರಿಸಿಕೊಂಡರೆ ನನ್ನ ಎರಡೂ ಕೈ ಹೋಯಿತು. ಕೊನೆಗೆ ಕೊಯ್ಲಿನ ಬೆತ್ತದ ಬುಟ್ಟಿಯೊಂದು, ಒಂದು ಮಗ್ಗುಲು ಹರಿದದ್ದು, ಕಣ್ಣಿಗೆ ಬಿತ್ತು. ಹರಿದ ಮಗ್ಗುಲನ್ನು ಪೂರ್ತಿ ಕತ್ತರಿಸಿ, ಒಳಗೆ ಕಾಫಿ ಹೊಟ್ಟು ತುಂಬಿದ ಚೀಲಗಳನ್ನು ಬೆನ್ನಿಗೆ, ಪಕ್ಕಗಳಿಗೆ, ಕಾಲುಗಳ ನಡುವೆ ಒತ್ತಿ ಕೂರಿಸಿದೆ. ಕೂತಳು! ಕುತ್ತಿಗೆ ನಿಂತಿತು. ಮಲಗಿಕೊಂಡು ಸೂರನ್ನೇ ನೋಡುತ್ತಿದ್ದ ಮಗು, ಮಕ್ಕಳ ಮುಖಗಳನ್ನು ಅವರಷ್ಟೇ ಎತ್ತರದಿಂದ ನೋಡಿತು. ಒಬ್ಬೊಬ್ಬರನ್ನೇ ನೋಡಿ, ಪೊರಕೆ ಹುಡುಗನ ಸುರಿಯುವ ಮೂಗು ಕಂಡು ಕೇಕೆ ಹಾಕಿ ನಕ್ಕಳು. ಎಸ್ಟೇಟಿನ ಬಡಗಿ ಆ ಬುಟ್ಟಿಯ ಕೆಳಗೆ ಹಲಗೆ ಹೊಡೆದು, ಹಳೆಯ ಬೇರಿಂಗುಗಳ ಚಕ್ರ ಕೂರಿಸಿಕೊಟ್ಟ. ಅದಕ್ಕೊಂದು ಹಗ್ಗ. ನನ್ನ ಜೀವನದಲ್ಲಿ ನಾನು ಮಾಡಿದ ಸಾಮಾನುಗಳಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ, ಉಪ್ಪಿನಕಾಯಿ ಬಿಟ್ಟರೆ.

ಆದರೂ ಒಂದು ಕೊರತೆ ಉಳಿದಿತ್ತು. ದಿನಾ ಹತ್ತು ಗಂಟೆಯ ಹೊತ್ತಿಗೆ ಮೇಲಿನ ಬಂಗಲೆಯ ಹಿಂದೆ ಮಕ್ಕಳಿಗೆ ಹಾಲು ಕೊಡುತ್ತಿದ್ದರು. ಏರುದಾರಿ. ಮಕ್ಕಳೆಲ್ಲ ಓಡಿಹೋಗಿ ಲೋಟ ಹಿಡಿದು ಕುಡಿದು ಮುಗಿಸಿ, ಇಳಿದು ಬರುವ ಹೊತ್ತಿಗೆ ನಾನು ಏದುಸಿರು ಬಿಡುತ್ತ ಇವಳ ಗಾಡಿ ಎಳೆದುಕೊಂಡು ಅರ್ಧ ದಾರಿಯಲ್ಲಿರುತ್ತಿದ್ದೆ. ಎಲ್ಲರೂ ಇಳಿಯುವಾಗ ಅವಳೊಬ್ಬಳು ಹತ್ತುವುದು ನೋಡಿ ನನಗೆ ಸಂಕಟವಾಗುತ್ತಿತ್ತು. ಮಕ್ಕಳಿಗೆ ಬುದ್ಧಿ ಹೇಳೋಣ ಅಂದರೆ, ಅವಳು ಪಾಪ, ಸಹಾಯ ಮಾಡಿ ಅಂತ ಹೇಳಲು ನನಗೆ ಬಾಯಿ ಬರಲೊಲ್ಲದು. ಪಾಪ ಅನ್ನುವ ಮಾತು ಒಮ್ಮೆ ಮಕ್ಕಳ ಬಾಯಿಗೆ ಬಂದರೆ ಹೋಗುವುದಿಲ್ಲ.

ದಾರಿ ತೋರಿಸಿದ್ದು ಮಕ್ಕಳೇ, ಅದೂ ಆಟದಲ್ಲಿ. ಕಾಫಿ ಕೊಯ್ಲಿನಲ್ಲಿ ಮೇಸ್ತ್ರಿ ತೋಟದ ಬುಡದಲ್ಲಿ ಹೆಂಗಸರನ್ನು ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಸಾಲು ಗಿಡ ಹಂಚುತ್ತಾನೆ. ಆ ಸಾಲಿಗೆ ಪಟ್ಟೆ ಅನ್ನುತ್ತಾರೆ. ಎಲ್ಲರೂ ತಮ್ಮ ತಮ್ಮ ಪಟ್ಟೆ ಹಿಡಿದು ಹಣ್ಣು ಕೊಯ್ಯುತ್ತ ಗುಡ್ಡ ಹತ್ತುತ್ತಾರೆ. ಬಸುರಿಯೋ, ಮುದುಕಿಯೋ, ಜ್ವರದಿಂದ ಎದ್ದು ಬಂದವಳೋ ಹಿಂದೆ ಬಿದ್ದರೆ, ಅಕ್ಕಪಕ್ಕದ ಪಟ್ಟೆಯವರು ಅವಳ ಗಿಡಕ್ಕೂ ಕೈ ಹಾಕಿ, ಕೊಯ್ದದ್ದನ್ನು ಅವಳ ಚೀಲಕ್ಕೇ ಸುರಿದು, ಅವಳನ್ನು ಜೊತೆಗೆ ಎಳೆದುಕೊಳ್ಳುತ್ತಾರೆ. ಕಾಟಿ, ಹಂದಿಯಂಥ ಕಾಡುಪ್ರಾಣಿ ಓಡಾಡುವ ತೋಟದಲ್ಲಿ ಒಬ್ಬಳನ್ನೇ ಹಿಂದೆ ಬಿಡುವ ಹಾಗಿಲ್ಲ. ಮೇಲಿನ ದಾರಿ ಮೊದಲು ಮುಟ್ಟಿದವಳು ಅಲ್ಲೇ ನಿಲ್ಲಬೇಕು. ಕೊನೆಯವಳು ಬಂದು ಸೇರಿದ ಮೇಲೆ ಮೇಸ್ತ್ರಿ “ಪಟ್ಟೆ ಕೂಡ್ತು” ಅಂತ ಕೂಗುತ್ತಾನೆ. ಆಮೇಲೆಯೇ ಮುಂದಿನ ಸಾಲು, ಆಮೇಲೆಯೇ ಊಟ. ನಮ್ಮ ಎಸ್ಟೇಟಿನ ಕ್ರಮ ಅದು.

ಮಕ್ಕಳು ಇದನ್ನು ಹುಟ್ಟಿದಾಗಿನಿಂದ ನೋಡಿದವರು. ಒಂದು ದಿನ ಹಾಲಿಗೆ ಹೊರಟಾಗ ಪೊರಕೆ ಹುಡುಗ ಮೇಸ್ತ್ರಿಯಾದ. ಕೈಯಲ್ಲೊಂದು ಕೋಲು ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಬುಟ್ಟಿಯವಳಿಗೂ ಒಂದು ಪಟ್ಟೆ ಕೊಟ್ಟ. ಹೊರಟರು. ಅವಳ ಅಕ್ಕಪಕ್ಕದವರು, ಯಾರೂ ಹೇಳದೆ, ಹಗ್ಗಕ್ಕೆ ಕೈ ಹಾಕಿದರು. ಮುಂದೆ ಹೋದವರು ಬಂಗಲೆಯ ಹಿಂದೆ ಹಾಲಿನ ಪಾತ್ರೆಯ ಎದುರು ನಿಂತರು. ಅಡಿಗೆಯಾಕೆ ಲೋಟ ಚಾಚಿದರೆ ಮುಟ್ಟಲಿಲ್ಲ. ಗಾಡಿ ಬಂದು ನಿಂತಿತು. “ಪಟ್ಟೆ ಕೂಡ್ತು!” ಅಂತ ಆ ಗಿಡ್ಡ ಮೇಸ್ತ್ರಿ ಕೂಗಿದ. ಆಗ ಎಲ್ಲರೂ ಒಟ್ಟಿಗೆ ಲೋಟಕ್ಕೆ ಕೈ ಹಾಕಿದರು. ನಾನು ಬರಿಗೈಯಲ್ಲಿ ಹಿಂದೆ ಹಿಂದೆ ಬಂದಿದ್ದೆ. ನನ್ನ ಕಣ್ಣು ತುಂಬಿತ್ತು. ಅಡಿಗೆಯಾಕೆ ಏನಾಯ್ತು ಅಂದದ್ದಕ್ಕೆ, ಒಲೆ ಹೊಗೆ ಅಂದೆ.

ಆಟವನ್ನು ನಾನು ಅಲ್ಲಿಗೇ ಬಿಡಲಿಲ್ಲ. ಬಣ್ಣ ಹಚ್ಚುವುದು, ಮರಳಿನಲ್ಲಿ ಗೀರುವುದು, ಕೈ ತೊಳೆಯುವುದು ಎಲ್ಲಕ್ಕೂ ಪಟ್ಟೆ ಕೂಡಬೇಕು ಅಂತ ಮಾಡಿದೆ. ಅದು ಅವಳೊಬ್ಬಳಿಗಾಗಿ ಇದ್ದ ನಿಯಮವೂ ಅಲ್ಲ. ಕೆಲವು ದಿನ ಅವಳೇ ಮೊದಲು. ಹಾಡು ಕಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಲಂಬಾಣಿ ಮಕ್ಕಳಿಗೆ ಕನ್ನಡದ ಹಾಡು ಬಾರದಾಗ ಇವಳು ಬುಟ್ಟಿಯಲ್ಲಿ ಕೂತು ತನ್ನ ಎಳೆದ ದನಿಯಲ್ಲಿ ಸಾಲು ಸಾಲಾಗಿ ಹೇಳಿಕೊಡುತ್ತಿದ್ದಳು. ಅವಳ ಮಾತು ಹೊಸಬರಿಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಮಕ್ಕಳಿಗೆ ಅದು ಕೋಣೆಯ ಇನ್ನೊಂದು ಭಾಷೆ, ಅಷ್ಟೆ.

ಎರಡು ವರ್ಷ ಹೀಗೇ ಹೋಯಿತು. ಅವಳಿಗೆ ಆರು ತುಂಬುವ ಬೇಸಿಗೆಯಲ್ಲಿ ನಾನು ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋಗಿ ಹೆಡ್ ಮಾಸ್ಟರರಿಗೆ ವಿಷಯ ಹೇಳಿದೆ. ಬಯಲುಸೀಮೆಯಿಂದ ವರ್ಗವಾಗಿ ಬಂದವರು. ಎರಡು ಕೋಣೆ, ನಾಲ್ಕು ಕ್ಲಾಸು, ಮೇಷ್ಟ್ರು ಅವರೊಬ್ಬರೇ. ಕೆಟ್ಟವರಲ್ಲ, ಸುಸ್ತಾದವರು.

“ನಡೆಯೋಕೆ ಬರದ ಮಗೂನ ನಾನೇನ್ ಮಾಡ್ಲಿ ಟೀಚರ್ರೆ? ಇಂಥ ಮಕ್ಕಳಿಗೆ ಅಂತಲೇ ಹಾಸ್ಟೆಲ್‌ಗಳಿದಾವೆ. ಊಟ, ಬಟ್ಟೆ ಎಲ್ಲಾ ಅವರೇ ನೋಡ್ಕೋತಾರೆ. ನಾನೇ ಬರೆದು ಸೇರಿಸ್ತೀನಿ” ಅಂದರು.

ಅವರು ಹೇಳಿದ ಹಾಸ್ಟೆಲು ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಹೋಗುವಷ್ಟು ದೂರದ ಊರಲ್ಲಿ. ಮಕ್ಕಳನ್ನು ಬೇಸಿಗೆಯಲ್ಲಿ ಮಾತ್ರ ಮನೆಗೆ ಬಿಡುತ್ತಾರಂತೆ. ಈ ಮಾತನ್ನು ತಾಯಿಗೆ ಮುಟ್ಟಿಸಿದಾಗ ಅವಳು ಅಳಲಿಲ್ಲ, ಕೂಗಲಿಲ್ಲ. “ಅವಳ ಮಾತು ನನಗೆ, ಈ ಪಿಳ್ಳೆಗಳಿಗೆ ಬಿಟ್ಟು ಯಾರಿಗೂ ತಿಳಿಯಲ್ಲ ಟೀಚರ್. ಅಲ್ಲಿ ಅವಳು ತಣ್ಣಿ ಬೇಕು ಅಂದ್ರೆ ಯಾರಿಗೆ ತಿಳೀತದೆ?” ಅಂದಳು. ನೀರು ಅನ್ನುವುದನ್ನು ಎಲ್ಲ ಭಾಷೆಯಲ್ಲಿ ಕಲಿಸಿದವಳು ನಾನು. ಸಿಟ್ಟಂತೂ ಬೇಕಾದಷ್ಟಿತ್ತು.

ಮಾರನೆಯ ದಿನ ಮತ್ತೆ ಹೋದೆ, ಅದರ ಮಾರನೆಯ ದಿನವೂ ಹೋದೆ. ಕೊನೆಗೆ ಅವರು ಬೇಸತ್ತು ಒಂದು ಷರತ್ತು ಹಾಕಿದರು. “ಶಾಲೆ ಶುರುವಾಗೋ ದಿನ ಕರ್ಕೊಂಡು ಬನ್ನಿ. ಮಧ್ಯಾಹ್ನದ ಗಂಟೆ ಹೊಡೆಯೋ ತನಕ ನೀವೂ ಒಳಗೆ ಕಾಲಿಡಬಾರದು, ತಾಯೀನೂ ಬರಬಾರದು. ಉಳಿದ ಮಕ್ಕಳ ಪಾಠ ಕೆಡದ ಹಾಗೆ ಅವಳು ಕೂತ್ರೆ ನೋಡೋಣ. ಇಲ್ಲಾಂದ್ರೆ ಹಾಸ್ಟೆಲಿಗೆ ನೀವೇ ಆ ತಾಯೀನ ಒಪ್ಪಿಸಬೇಕು. ಏನು?” ನಾನು ಆಗಲಿ ಅಂದುಬಿಟ್ಟೆ.

ಆ ದಿನ ಬೆಳಿಗ್ಗೆಯಿಂದ ಮಳೆ. ನಮ್ಮಲ್ಲಿಂದ ಒಂದನೇ ಕ್ಲಾಸಿಗೆ ಹೊರಟ ಮಕ್ಕಳೆಲ್ಲ ಕಂಬಳಿಯ ಕೊಪ್ಪೆ ಹಾಕಿಕೊಂಡು ಗಾಡಿಯ ಸುತ್ತ ನಿಂತರು. ಶಾಲೆಯ ಏರಿನಲ್ಲಿ ಚಕ್ರ ಕೆಸರಿನಲ್ಲಿ ಹೂತುಹೋಯಿತು. ಎಳೆದು, ನೂಕಿ, ಕೊನೆಗೆ ಬುಟ್ಟಿಯನ್ನೇ ಎತ್ತಿಕೊಂಡು ಗೇಟು ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಹೆಡ್ ಮಾಸ್ಟರರು ಗಡಿಯಾರ ನೋಡಿಕೊಂಡು ಒಳಗೆ ಹೋದರು. ಮಕ್ಕಳು ಬುಟ್ಟಿಯನ್ನು ಒಳಗೆ ಸಾಗಿಸಿದರು. ತಾಯಿ ಮತ್ತು ನಾನು ಗೇಟಿನ ಪಕ್ಕದ ಹಲಸಿನ ಮರದ ಕೆಳಗೆ ಒಂದೇ ಕೊಡೆಯಲ್ಲಿ ನಿಂತೆವು. ಕಿಟಕಿಯಿಂದ ಕೋಣೆ ಅರ್ಧ ಕಾಣುತ್ತಿತ್ತು, ಮಾತು ಕೇಳುತ್ತಿತ್ತು.

ಮೊದಲು ಎಲ್ಲವೂ ಚೆನ್ನಾಗಿಯೇ ಇತ್ತು. ಹೆಡ್ ಮಾಸ್ಟರರು ಬೋರ್ಡಿನ ಮೇಲೆ ಒಂದು ಅಕ್ಷರ ಬರೆದು, ಎಲ್ಲರೂ ಸ್ಲೇಟಿನಲ್ಲಿ ಬರೆಯಿರಿ, ಬರೆದು ಮುಗಿಸಿದವರು ಆಟಕ್ಕೆ ಹೋಗಿ ಅಂದರು. ಮಳೆ ನಿಂತು ಹೊಳವಾಗಿತ್ತು. ಹಳ್ಳಿಯ ಮಕ್ಕಳು ಬರೆದು ತೋರಿಸಿ ಹೊರಗೆ ಹಾರಿದರು. ನಮ್ಮ ಮಕ್ಕಳು ಬರೆದರು, ತೋರಿಸಿದರು, ಮತ್ತೆ ಹೋಗಿ ತಮ್ಮ ಜಾಗದಲ್ಲೇ ನಿಂತರು. ಮೇಷ್ಟ್ರು ಹೋಗಿ ಅಂದರು. ನಿಂತೇ ಇದ್ದರು. ಜೋರಾಗಿ ಅಂದರು, ಬಾಗಿಲ ಕಡೆ ಕೈ ತೋರಿಸಿದರು. ಒಬ್ಬರೂ ಕದಲಲಿಲ್ಲ. ನನಗೆ ಕಾರಣ ಗೊತ್ತಾಯಿತು. ಬುಟ್ಟಿಯಲ್ಲಿ ಅವಳು ಇನ್ನೂ ಬರೆಯುತ್ತಿದ್ದಳು. ಶಾಲೆಯಲ್ಲಿ ಮೊದಲು ಮುಗಿಸಿದವನು ಮೊದಲು ಓಡಬಹುದು ಅನ್ನುವುದನ್ನು ಆ ಮಕ್ಕಳಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಈಗ ಮೇಷ್ಟ್ರ ಮಾತು ಮೀರಿ ನಿಂತು, ಅವಳ ಅನ್ನಕ್ಕೆ ಇವರೇ ಕಲ್ಲು ಹಾಕುತ್ತಿದ್ದರು.

ಹೆಡ್ ಮಾಸ್ಟರರು ಗೇಟಿನ ತನಕ ಬಂದರು. “ಏನ್ ಟೀಚರ್ರೆ, ನಿಮ್ಮ ಮಕ್ಕಳಿಗೆ ಕನ್ನಡ ಬರಲ್ವಾ? ಆಟಕ್ಕೆ ಬಿಟ್ರೂ ಹೋಗಲ್ಲ ಅಂತಾವಲ್ಲ!”

ನಿಮಗಿಂತ ಮೂರು ಭಾಷೆ ಜಾಸ್ತಿ ಬರುತ್ತೆ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ತಾಯಿ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನುಂಗಿಕೊಂಡೆ. ನನ್ನಂಥವಳು ನುಂಗಿಕೊಂಡೆ ಅಂದರೆ ಸುಮ್ಮನೆ ಅಲ್ಲ. “ಅವರನ್ನೇ ಕೇಳಿ ಸಾರ್. ಹೇಳ್ತಾರೆ” ಅಂದೆ.

ಅವರು ಒಳಗೆ ಹೋದರು. “ಯಾಕ್ರೋ ನಿಂತಿದೀರ?”

“ಪಟ್ಟೆ ಕೂಡಿಲ್ಲ ಸಾರ್” ಅಂದ ಪೊರಕೆ ಹುಡುಗ.

“ಯಾವ ಪಟ್ಟೆ?”

ಅವನು ಬುಟ್ಟಿಯ ಕಡೆ ತೋರಿಸಿ, ತನಗೆ ತಿಳಿದ ಹಾಗೆ ಹೇಳಿದ. ಕಾಫಿ ಗಿಡ, ಅಮ್ಮ, ಮೇಸ್ತ್ರಿ, ಹಾಲು, ಎಲ್ಲವನ್ನೂ ಕಲಸಿ ಹೇಳಿದ. ನಡುವೆ ಬೇರೆಯವರೂ ಬಾಯಿ ಹಾಕಿದರು. ಮೇಷ್ಟ್ರಿಗೆ ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು. ಅವರು ಬುಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಸ್ಲೇಟು ಬುಟ್ಟಿಯ ಅಂಚಿನಿಂದ ಜಾರುತ್ತಿದ್ದಿರಬೇಕು. ಅವರು ಪಂಚೆ ಮೇಲೆತ್ತಿಕೊಂಡು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಸ್ಲೇಟಿನ ಒಂದು ತುದಿಯನ್ನು ಹಿಡಿದರು. ಹಿಡಿದೇ ಇದ್ದರು. ಅಂಗಳದಲ್ಲಿ ಹಳ್ಳಿಯ ಮಕ್ಕಳ ಗಲಾಟೆ ಬಿಟ್ಟರೆ ಬೇರೆ ಸದ್ದಿಲ್ಲ. ತಾಯಿ ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದಳು, ದೇವರ ಹೆಸರಿರಬೇಕು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಒಮ್ಮೆಲೇ ಒಳಗಿಂದ ಎಲ್ಲರೂ ಒಟ್ಟಿಗೆ ಕಿರುಚಿದರು. ಬುಟ್ಟಿಯನ್ನು ಎಳೆದುಕೊಂಡು, ಬೆಂಚಿಗೆ ಗುದ್ದಿಕೊಂಡು, ಬಾಗಿಲಿಂದ ಅಂಗಳಕ್ಕೆ ಸುರಿದುಬಂದರು. ನಡುವೆ ಅವಳು, ಮುಖದ ತುಂಬ ಬಳಪದ ಬಿಳಿ. ಹಳ್ಳಿಯ ಮಕ್ಕಳು ಗಾಡಿ ನೋಡಿ ನಮಗೂ ಎಳೆಯಲು ಕೊಡಿ ಅಂತ ಸುತ್ತುವರಿದರು. ಆ ಅಂಗಳವನ್ನು ನೋಡಿ ನನಗಾದ ಹೆಮ್ಮೆಯನ್ನು ಸಣ್ಣದು ಮಾಡಿ ಹೇಳಲು ನನಗೆ ಬರುವುದಿಲ್ಲ. ಅವರನ್ನು ಹಾಗೆ ನಿಲ್ಲಲು ಬಿಟ್ಟವಳು ನಾನು.

ಮಧ್ಯಾಹ್ನದ ಗಂಟೆ ಹೊಡೆಯಿತು. ಹೆಡ್ ಮಾಸ್ಟರರು ನೇರ ತಾಯಿಯ ಎದುರಿಗೆ ಬಂದು ನಿಂತರು. ಅವಳು ಸೆರಗನ್ನು ಮೈ ತುಂಬ ಹೊದ್ದು, ತೀರ್ಪು ಕೇಳುವವಳಂತೆ ತಲೆ ತಗ್ಗಿಸಿದಳು.

“ಏನಮ್ಮಾ, ಮೊದಲ ದಿನವೇ ಲೇಟಾ?” ಅಂದರು ಜೋರಾಗಿ. “ಪ್ರಾರ್ಥನೆಗೆ ಮುಂಚೆ ಇಲ್ಲಿರಬೇಕು ಅಂತ ಗೊತ್ತಿಲ್ವಾ? ನಾಳೆಯಿಂದ ಲೇಟಾದ್ರೆ ಹೊರಗೇ ನಿಲ್ಲಿಸ್ತೀನಿ. ಯಾರ ಮಗು ಅಂತ ನೋಡಲ್ಲ ನಾನು!” ಅಂದವರೇ ತಿರುಗಿ ಹೋದರು.

ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ನನ್ನ ಹರಕು ತಮಿಳಿನಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದೆ. ನಾಳೆ ಅಂದರು. ನಾಳೆಯಿಂದ ಅಂದರು. ಅವಳು ನನ್ನ ಬಾಯಿಂದ ಅದನ್ನು ಮತ್ತೆ ಹೇಳಿಸಿಕೊಂಡಳು.

ಸಂಜೆ ನಾನು ಲೈನಿನ ಕಡೆ ಹೋದಾಗ ಅವಳು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಮನೆ ಮನೆಯ ಬಾಗಿಲಲ್ಲೂ ನಿಂತು ಸುದ್ದಿ ಹೇಳುತ್ತಿದ್ದಳು. ಹೆಡ್ ಮಾಸ್ಟರು ನನ್ನನ್ನು ಬೈದರು, ಎಲ್ಲರೆದುರು ಬೈದರು ಅಂತ. ಹೇಳಿ ಹೇಳಿ ನಗುತ್ತಿದ್ದಳು. ಜಗಲಿಯಲ್ಲಿ ಕೂತ ಮುದುಕಿಯೊಬ್ಬಳಿಗೆ ತಲೆಬುಡ ಅರ್ಥವಾಗದೆ, “ಬೈಸಿಕೊಂಡು ಬಂದು ಯಾಕೆ ಹಿಂಗೆ ನಗ್ತೀ ಮಾರಾಯ್ತಿ?” ಅಂದಳು.

“ಬೇರೆ ಅಮ್ಮಂದಿರನ್ನ ಹೆಂಗೆ ಬೈತಾರೋ ಹಂಗೇ ಬೈದ್ರು” ಅಂದಳು ಅವಳು.